ನನಗೆ ಕೇಳಿಸದ ಶಿಳ್ಳೆ

ಆ ರೇಡಿಯೋಗ್ರಾಂ ತುಮಕೂರಿನ ಸದಾಶಿವನಗರದ ನನ್ನ ಮನೆಗೆ ಬಂದದ್ದು ಕೊಬ್ಬರಿ ಮೂಟೆ ಸಾಗಿಸುವ ಲಗೇಜ್ ಆಟೋದಲ್ಲಿ, ಹಳೆಯ ಜಮಖಾನ ಸುತ್ತಿಕೊಂಡು. ರೇಡಿಯೋ, ರೆಕಾರ್ಡ್ ಪ್ಲೇಯರ್ ಎರಡೂ ಒಂದೇ ಮರದ ಪೆಟ್ಟಿಗೆಯಲ್ಲಿರುವ, ಟ್ರಾನ್ಸಿಸ್ಟರಿಗೂ ಮುಂಚಿನ, ಗಾಜಿನ ವಾಲ್ವುಗಳ ಕಾಲದ ಸೆಟ್ಟು ಅದು. ಗುಬ್ಬಿಯಿಂದ ಅದನ್ನು ತಂದ ಹೆಂಗಸು ಡ್ರೈವರ್ ಪಕ್ಕ ಕೂರದೆ, ಹಿಂದುಗಡೆ ಪೆಟ್ಟಿಗೆಯನ್ನು ತಬ್ಬಿ ಹಿಡಿದುಕೊಂಡೇ ಬಂದಿದ್ದಳು. ಇಳಿದವಳು ತಲೆಯ ಧೂಳು ಕೊಡವಿಕೊಳ್ಳುತ್ತ, "ರಿಪೇರಿ ಮಾಡೋರು ನಿಮ್ಮ ಯಜಮಾನ್ರಾ ಅಕ್ಕ? ಇದಾರಾ ಮನೇಲಿ?" ಎಂದಳು.

"ನಾನೇ ಮಾಡೋದು," ಎಂದೆ.

ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಮುಖ ಅರಳಿತು. "ಹಂಗಾದ್ರೆ ಒಳ್ಳೇದೇ ಆಯ್ತು ಬಿಡಿ. ಗಂಡಸ್ರ ಮುಂದೆ ಇದರ ಕತೆ ಹೇಳಿದ್ರೆ ನಗ್ತಾರೆ."

ಕತೆ ಇಷ್ಟೇ. ಕುಣಿಗಲ್ಲಿನ ಅವಳ ತವರುಮನೆ ಅಣ್ಣತಮ್ಮಂದಿರ ನಡುವೆ ಭಾಗವಾಯಿತು. ನಿನಗೇನು ಬೇಕು ಕೇಳು ಎಂದಾಗ ಅವಳು ಈ ಪೆಟ್ಟಿಗೆಯನ್ನು ಕೇಳಿದ್ದಳು. ಅತ್ತಿಗೆಯರು ಮುಖ ಮುಖ ನೋಡಿಕೊಂಡರಂತೆ. ಅಟ್ಟದ ಮೇಲೆ ಎಷ್ಟೋ ವರ್ಷದಿಂದ ಬಿದ್ದಿದ್ದ ವಸ್ತು ಅದು. "ನಮ್ಮಪ್ಪ ಸಾಯಂಕಾಲ ಇದನ್ನ ಹಾಕಿದ್ರೆ ಅಡುಗೆಮನೆ ತಂಕ ಕೇಳೋದು ಅಕ್ಕ. ಅದೊಂದು ಸಲ ಕೇಳ್ಬೇಕು ನಂಗೆ. ಜೋಪಾನವಾಗಿ ಇಟ್ಟಿದ್ರು, ಯಾರೂ ಮುಟ್ಟೇ ಇಲ್ಲ."

ಹಳೆಯ ಸೆಟ್ಟು ತರುವವರೆಲ್ಲ ಈ ಮಾತು ಹೇಳುತ್ತಾರೆ. ಮುಟ್ಟದೆ ಇಟ್ಟಿದ್ದರಿಂದಲೇ ಅದು ಹಾಳಾಗಿರುತ್ತದೆ ಎಂದು ಅವರಿಗೆ ಹೇಳಲು ನನಗೆ ಯಾವತ್ತೂ ಬಾಯಿ ಬರುವುದಿಲ್ಲ.

ನಾನು ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಡಿಪ್ಲೊಮಾ ಮುಗಿಸಿ ಟೆಕ್ನಿಷಿಯನ್ ಆಗಿ ಸೇರಿದಾಗ ಇನ್ನೂ ಹಳೆಯ ಯಂತ್ರಗಳಿದ್ದವು. ಊರಿನಲ್ಲಿ ಯಾರಾದರೂ ನಂಬರ್ ತಿರುಗಿಸಿದರೆ ನಮ್ಮ ಯಂತ್ರಗಳ ಕೋಣೆಯಲ್ಲಿ ಸಾಲುಸಾಲು ಸ್ವಿಚ್ಚುಗಳು ಟಕಟಕನೆ ಹತ್ತಿ ಇಳಿಯುತ್ತಿದ್ದವು. ಊರಲ್ಲಿ ಮದುವೆಗಳು ಹೆಚ್ಚಿರುವ ದಿನಗಳಲ್ಲಂತೂ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತೆ. ಆ ಸದ್ದಿನ ನಡುವೆ ಯಾವ ಸಾಲಿನ ಯಾವ ಸ್ವಿಚ್ಚು ಸರಿಯಾಗಿ ಕೂರುತ್ತಿಲ್ಲ ಎಂದು ಕಿವಿಯಿಂದಲೇ ಹೇಳುತ್ತಿದ್ದೆ. ಜೊತೆಯವರು ಮೀಟರ್ ಹುಡುಕುವಷ್ಟರಲ್ಲಿ ನಾನು ಸ್ಕ್ರೂಡ್ರೈವರ್ ಹಿಡಿದು ಹೋಗಿರುತ್ತಿದ್ದೆ. ಮುಂದೆ ಆ ಯಂತ್ರಗಳು ಹೋಗಿ ಬೀರುವಿನಂಥ ಮೌನವಾದ ಪೆಟ್ಟಿಗೆಗಳು ಬಂದವು. ಕೊನೆಕೊನೆಗೆ ಜನರೂ ಕಡಿಮೆಯಾದರು. ನಾನು ಸ್ವಯಂ ನಿವೃತ್ತಿ ತೆಗೆದುಕೊಂಡೆ.

ಮದುವೆಯಾಗಿರಲಿಲ್ಲ. ಅಮ್ಮ ಇರುವವರೆಗೂ ಮನೆಯಲ್ಲಿ ಇಬ್ಬರಿದ್ದೆವು, ಆಮೇಲೆ ಒಬ್ಬಳೇ. ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿ, ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಹಳೆಯ ಆಂಪ್ಲಿಫೈಯರ್, ಟೇಪ್ ರೆಕಾರ್ಡರ್‌ಗಳನ್ನು ರಿಪೇರಿ ಮಾಡತೊಡಗಿದೆ. ಹೊಟ್ಟೆಪಾಡಿಗೆ ಅಲ್ಲ. ಬೆಳಿಗ್ಗೆ ಎದ್ದು ಕಾಫಿ ಕುಡಿದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಅದೊಂದು ಉತ್ತರ. ಸೆಟ್ಟು ತರುವವರು ಅರ್ಧ ಗಂಟೆ ಕೂತು ಮಾತಾಡುತ್ತಿದ್ದರು. ಒಯ್ಯಲು ಬಂದಾಗ ಇನ್ನರ್ಧ ಗಂಟೆ. ಎಷ್ಟೋ ವಾರ ನಾನು ಮನುಷ್ಯರ ಜೊತೆ ಆಡಿದ ಮಾತೆಂದರೆ ಅಷ್ಟೇ.

ರೇಡಿಯೋಗ್ರಾಮಿನ ಹಿಂದಿನ ಹಲಗೆ ಬಿಚ್ಚಿದೆ. ಒಳಗೆ ನಾನು ಎಣಿಸಿದ್ದೆಲ್ಲ ಇತ್ತು. ವಿದ್ಯುತ್ತನ್ನು ತುಂಬಿಟ್ಟುಕೊಂಡು ಬೇಕಾದಾಗ ಕೊಡುವ ಭಾಗಕ್ಕೆ ಕೆಪಾಸಿಟರ್ ಅನ್ನುತ್ತಾರೆ. ನಮ್ಮ ಕಡೆ ರಿಪೇರಿಯವರ ಬಾಯಲ್ಲಿ ಅದು ಕಂಡೆನ್ಸರ್. ಅದರೊಳಗೆ ಒಂದು ಬಗೆಯ ಒದ್ದೆ ಇರುತ್ತದೆ. ಕರೆಂಟು ಆಗಾಗ ಹರಿಯುತ್ತಿದ್ದರೆ ಒಳಗಿನ ತೆಳು ಪದರ ಗಟ್ಟಿಯಾಗಿ ಉಳಿಯುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಪದರ ಸವೆಯುತ್ತದೆ, ಒದ್ದೆ ಆರುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲದಂತೆ ಕೂತಿರುತ್ತದೆ. ಅಂಥ ಸೆಟ್ಟಿಗೆ ಒಮ್ಮೆಲೇ ಕರೆಂಟು ಕೊಟ್ಟರೆ ಢಂ ಎಂದು ಸಿಡಿಯುವುದೂ ಉಂಟು. ಅದಕ್ಕೇ ನಾನು ಮೊದಲು ಒಂದು ಬಲ್ಬನ್ನು ನಡುವೆ ಸೇರಿಸಿ, ನಿಧಾನವಾಗಿ ಕರೆಂಟು ಬಿಡುತ್ತೇನೆ. ಬಲ್ಬು ಪ್ರಖರವಾಗಿ ಉರಿದರೆ ಒಳಗೆಲ್ಲೋ ಸೋರುತ್ತಿದೆ ಎಂದರ್ಥ. ಅವತ್ತು ಬಲ್ಬು ಧಗ್ಗನೆ ಉರಿಯಿತು.

ಮೇಣ ಹಚ್ಚಿದ ಕಾಗದದ ಕಂಡೆನ್ಸರುಗಳು ಮೇಣ ಕರಗಿ, ಮತ್ತೆ ಗಟ್ಟಿಯಾಗಿ, ತೇವ ಹೀರಿಕೊಂಡು ಕೆಟ್ಟಿದ್ದವು. ಕರೆಂಟನ್ನು ಹಿಡಿತದಲ್ಲಿಡುವ ರೆಸಿಸ್ಟರುಗಳ ಬಣ್ಣದ ಪಟ್ಟಿ ಒಂದು ಅಳತೆ ಹೇಳಿದರೆ ಮೀಟರು ಇನ್ನೊಂದು ಹೇಳುತ್ತಿತ್ತು. ವರ್ಷಗಳ ಬಿಸಿಗೆ ಅವು ಮೆಲ್ಲಗೆ ಹಟ ಬೆಳೆಸಿಕೊಳ್ಳುತ್ತವೆ, ಮೊದಲಿನಷ್ಟು ಕರೆಂಟು ಬಿಡುವುದಿಲ್ಲ. ವೈರುಗಳ ರಬ್ಬರು ಮುಟ್ಟಿದರೆ ಚಕ್ಕೆಚಕ್ಕೆಯಾಗಿ ಉದುರಿತು. ರೆಕಾರ್ಡ್ ತಿರುಗಿಸುವ ಪುಟ್ಟ ರಬ್ಬರ್ ಗಾಲಿ ಒಣಗಿದ ಅಡಿಕೆಯ ಹಾಗೆ ಗಟ್ಟಿಯಾಗಿತ್ತು. ವಾಲ್ವುಗಳು ಮಾತ್ರ ಆಶ್ಚರ್ಯವೆನ್ನುವಂತೆ ಚೆನ್ನಾಗಿದ್ದವು.

ಒಂದೊಂದೇ ಬದಲಾಯಿಸುತ್ತ ಬಂದೆ. ಮಧ್ಯದಲ್ಲಿ ನಿಂತಿದ್ದ ಅಲ್ಯೂಮಿನಿಯಂ ಡಬ್ಬಿಯೊಂದನ್ನು ಮಾತ್ರ ತೆಗೆಯಲಿಲ್ಲ. ಅದೂ ಕಂಡೆನ್ಸರೇ. ಮೀಟರಿನಲ್ಲಿ ಅಳತೆ ಸರಿಯಾಗಿ ತೋರಿಸಿತು. ಪೆಟ್ಟಿಗೆ ಹುಟ್ಟಿದಾಗಿನಿಂದ ಇರುವ ಭಾಗ ಒಂದಾದರೂ ಉಳಿಯಲಿ ಅನ್ನಿಸಿತು. ಮುಚ್ಚಿ, ರೆಕಾರ್ಡ್ ಹಾಕಿ ಕೇಳಿದೆ. ಧ್ವನಿ ದುಂಡಗೆ, ತುಂಬಿಕೊಂಡು ಬಂತು. ಎಲ್ಲಿಯೂ ಗುಂಯ್ ಎನ್ನುವ ಸದ್ದಿಲ್ಲ. ನನ್ನ ಕಿವಿ ಒಪ್ಪಿತೆಂದರೆ ಮುಗಿಯಿತು. ಬೇರೆ ಪರೀಕ್ಷೆ ಮಾಡುವ ಅಭ್ಯಾಸ ನನಗಿರಲಿಲ್ಲ.

ಅವರದೇ ಆಟೋ ಬಂದು ಸೆಟ್ಟು ಒಯ್ದ ಮಾರನೆಯ ದಿನ ಫೋನ್ ಬಂತು.

"ಅಕ್ಕ, ತುಂಬ ಚೆನ್ನಾಗೈತೆ. ಆದ್ರೆ ಒಂದು ಶಿಳ್ಳೆ ಬರ್ತಾ ಇದೆಯಲ್ಲ, ಅದು ಹಂಗೇನಾ?"

"ಯಾವ ಶಿಳ್ಳೆ?"

"ಸಣ್ಣಗೆ. ಕೀಂ... ಅಂತ. ಹಾಡು ಇಲ್ದಾಗ್ಲೂ ಬರುತ್ತೆ. ಸ್ವಲ್ಪ ಹೊತ್ತಿಗೆ ತಲೆ ನೋಯುತ್ತೆ ಕಣಕ್ಕ."

ಪಕ್ಕದಲ್ಲಿ ಮೊಬೈಲ್ ಚಾರ್ಜರ್ ಇರಬಹುದು, ಟಿವಿ ಇರಬಹುದು, ಎಲ್ಲ ಆರಿಸಿ ನೋಡಿ ಎಂದೆ. ಅವಳು ಆರಿಸಿ ನೋಡಿ ಮತ್ತೆ ಫೋನ್ ಮಾಡಿದಳು. ಶಿಳ್ಳೆ ಹಾಗೇ ಇತ್ತು.

ಬಸ್ಸು ಹತ್ತಿ ಗುಬ್ಬಿಗೆ ಹೋದೆ. ಅವಳ ಗಂಡ ಕೊಬ್ಬರಿ ವ್ಯಾಪಾರಿ. ಮನೆಯ ಮುಂಭಾಗದಲ್ಲೇ ಮಂಡಿ, ಹಿಂದೆ ಮನೆ. ಒಳಗೆ ಹೋದರೆ ಕೊಬ್ಬರಿಯ ಸಿಹಿವಾಸನೆ ಸೀರೆಗೇ ಅಂಟಿಕೊಳ್ಳುತ್ತದೆ. ನಡುಮನೆಯಲ್ಲಿ ಪೆಟ್ಟಿಗೆಯನ್ನು ಒರೆಸಿ, ಮೇಲೊಂದು ಕಸೂತಿ ಬಟ್ಟೆ ಹಾಸಿ ಇಟ್ಟಿದ್ದಳು. ಗಂಡ ವ್ಯಾಪಾರ ಬಿಟ್ಟು ಒಳಗೆ ಬಂದ. ಅವಳ ಅತ್ತೆ, ತುಂಬ ವಯಸ್ಸಾದವರು, ಹಣೆಯಲ್ಲಿ ವಿಭೂತಿ ಧರಿಸಿ ಗೋಡೆಗೊರಗಿ ಕೂತಿದ್ದರು. ಸ್ವಿಚ್ ಹಾಕಿದೆವು. ವಾಲ್ವು ಬಿಸಿಯಾಗುವವರೆಗೆ ಎಲ್ಲರೂ ಕಾದೆವು.

"ಹಾ, ಬಂತು ನೋಡಿ," ಎಂದಳು ಅವಳು.

"ಹೂಂ, ಅದೇ," ಎಂದ ಗಂಡ. ಕಿವಿಯ ಹತ್ತಿರ ಕೈ ಆಡಿಸಿದ, ಸೊಳ್ಳೆ ಓಡಿಸುವವನಂತೆ. "ಮಂಡೀಲಿ ಕೂತ್ರೂ ಕೇಳುತ್ತೆ ಮೇಡಮ್ನೋರೆ."

ನಾನು ಬಗ್ಗಿ ಸ್ಪೀಕರಿನ ಬಟ್ಟೆಗೆ ಕಿವಿ ಇಟ್ಟೆ. ಏನೂ ಇರಲಿಲ್ಲ. ಇನ್ನೊಂದು ಕಿವಿ ಇಟ್ಟೆ. ಮಂಡಿಯಲ್ಲಿ ಯಾರೋ ಮೂಟೆ ಎಳೆಯುವ ಸದ್ದು, ದೂರದ ಬಸ್ಸಿನ ಹಾರನ್ನು, ನನ್ನದೇ ಉಸಿರು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇಷ್ಟು ಹತ್ತಿರ ನಿಂತವರು ಕೇಳುತ್ತಿರುವ ಒಂದು ಶಬ್ದ ನನ್ನನ್ನು ಮಾತ್ರ ಬಿಟ್ಟು ಆ ಕೋಣೆಯಲ್ಲಿ ತುಂಬಿಕೊಂಡಿತ್ತು.

ಆಗ ಗೋಡೆಯ ಕಡೆಯಿಂದ ಅತ್ತೆ ಹೇಳಿದರು, "ನಂಗೇನೂ ಕೇಳಾಕಿಲ್ಲ ಕಣವ್ವ. ಇವರಿಬ್ರೂ ಸುಮ್ಕೆ ಹೇಳ್ತಾವ್ರೆ. ಬುಡು ಅತ್ಲಾಗೆ."

"ನಿಮಗೆಲ್ಲಿ ಕೇಳ್ಬೇಕು ಅತ್ತೆ, ವಯಸ್ಸಾಯ್ತು," ಎಂದು ಸೊಸೆ ನಕ್ಕಳು.

ನಾನು ನಗಲಿಲ್ಲ. "ಬಿಚ್ಚಿ ತಗೊಂಡು ಹೋಗಿ ನೋಡ್ತೀನಿ," ಎಂದೆ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಒಳಗಿನ ಭಾಗಗಳನ್ನೆಲ್ಲ ಕೂರಿಸಿದ ಕಬ್ಬಿಣದ ಚಾಸಿಯನ್ನೂ ಸ್ಪೀಕರನ್ನೂ ಬ್ಯಾಗಿಗೆ ತುಂಬಿಕೊಂಡೆ. ಊಟ ಮಾಡಿಕೊಂಡು ಹೋಗಿ ಎಂದು ಬಲವಂತ ಮಾಡಿದರು. ತುರ್ತು ಕೆಲಸವಿದೆ ಎಂದು ಹೊರಟೆ. ತುಮಕೂರಿನಲ್ಲಿ ನನಗೆ ಯಾವ ತುರ್ತು ಕೆಲಸವೂ ಇರಲಿಲ್ಲ.

ನನ್ನ ಬಳಿ ಒಂದು ಹಳೆಯ ಆಸಿಲೋಸ್ಕೋಪ್ ಇದೆ. ಶಬ್ದದ ಅಲೆಯನ್ನು ಪುಟ್ಟ ತೆರೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ ಅದು. ಧೂಳು ಒರೆಸಿ, ಸ್ಪೀಕರಿನ ತಂತಿಗೆ ಜೋಡಿಸಿದೆ. ಹಾಡಿಲ್ಲದಾಗ ನೆಟ್ಟಗೆ ಇರಬೇಕಾದ ಹಸಿರು ಗೆರೆ ದಪ್ಪಗೆ, ಕಂಬಳಿಹುಳದ ಹಾಗೆ ರೋಮ ಎದ್ದು ನಿಂತಿತ್ತು. ಹಿಗ್ಗಿಸಿ ನೋಡಿದರೆ ಒತ್ತೊತ್ತಾಗಿ ಅಲೆಗಳು. ಅವರು ಹೇಳಿದ ಶಿಳ್ಳೆ ಅದೇ. ನನ್ನ ಮೇಜಿನ ಮೇಲೆ, ನನ್ನ ಮೊಣಕೈ ಪಕ್ಕದ ಸ್ಪೀಕರಿನಲ್ಲಿ ಅದು ಕೂಗುತ್ತಲೇ ಇತ್ತು. ಕೋಣೆ ನಿಶ್ಶಬ್ದವಾಗಿತ್ತು.

ದೋಷ ಇದ್ದದ್ದು ನಾನು ಉಳಿಸಿದ್ದ ಅಲ್ಯೂಮಿನಿಯಂ ಡಬ್ಬಿಯಲ್ಲಿ. ತುಂಬಿಕೊಳ್ಳುವ ಶಕ್ತಿ ಕುಂದಿರಲಿಲ್ಲ, ಆದರೆ ಒಳಗಡೆ ಆರಿ ಆರಿ ಬೇಗ ಕೊಡುವ ಶಕ್ತಿ ಹೋಗಿತ್ತು. ನಿಧಾನದ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು, ವೇಗದ ಅಲೆ ಬಂದರೆ ಸಂಭಾಳಿಸಲಾಗದೆ ಬಿಟ್ಟುಬಿಡುತ್ತಿತ್ತು. ಆ ಅಲೆಯೇ ಒಳಗೆ ಸುತ್ತಿ ಸುತ್ತಿ ಶಿಳ್ಳೆಯಾಗುತ್ತಿತ್ತು. ಸಾಮಾನ್ಯ ಮೀಟರಿಗೆ ಸಿಗುವ ದೋಷ ಅಲ್ಲ ಅದು. ಡಬ್ಬಿಯನ್ನು ಹೆಸರಿಗೆ ಅಲ್ಲೇ ನಿಲ್ಲಿಸಿ, ಅಡಿಯಲ್ಲಿ ಹೊಸ ಕಂಡೆನ್ಸರುಗಳನ್ನು ಬೆಸೆದೆ. ಹಸಿರು ಗೆರೆ ನೂಲಿನಂತೆ ಸಣ್ಣಗಾಯಿತು. ನನ್ನ ಕಿವಿಗೆ ಮೊದಲಿಗೂ ಈಗಿಗೂ ಏನೂ ವ್ಯತ್ಯಾಸವಿರಲಿಲ್ಲ.

ಆ ಮಧ್ಯಾಹ್ನ ನಾನು ಅಡುಗೆ ಮಾಡಲಿಲ್ಲ. ಬೇಕಾದ ಎತ್ತರದ ಸ್ವರ ಹುಟ್ಟಿಸುವ ಸಿಗ್ನಲ್ ಜನರೇಟರ್ ತೆಗೆದು ಸ್ಪೀಕರಿಗೆ ಜೋಡಿಸಿ, ತಗ್ಗು ಸ್ವರದಿಂದ ಶುರು ಮಾಡಿ ಗುಂಡಿಯನ್ನು ನಿಧಾನವಾಗಿ ತಿರುಗಿಸಿದೆ. ಸ್ವರ ಏರುತ್ತ ಏರುತ್ತ ಹೋಯಿತು, ತೆಳುವಾಯಿತು, ದಾರದಷ್ಟಾಯಿತು, ಇಲ್ಲವಾಯಿತು. ತೆರೆಯ ಮೇಲೆ ಅಲೆ ಇನ್ನೂ ಕುಣಿಯುತ್ತಿತ್ತು. ಗುಂಡಿಯಲ್ಲಿ ಇನ್ನೂ ಎಷ್ಟೋ ದಾರಿ ಉಳಿದಿತ್ತು. ಹಿಂದಕ್ಕೆ ತಿರುಗಿಸಿದರೆ ಅದೇ ಜಾಗದಲ್ಲಿ ಸ್ವರ ಮರಳಿ ಬರುತ್ತಿತ್ತು.

ಹಾಗಾದರೆ ಇಷ್ಟು ದಿನ ನನಗೇಕೆ ಗೊತ್ತಾಗಲಿಲ್ಲ? ಟೆಲಿಫೋನಿನವಳಾದ ನನಗೆ ಉತ್ತರ ಬೇಗ ಹೊಳೆಯಿತು. ನಾವು ಹಾಕಿದ ಲೈನುಗಳು ಅಷ್ಟು ಎತ್ತರದ ಸ್ವರವನ್ನು ಸಾಗಿಸುತ್ತಲೇ ಇರಲಿಲ್ಲ. ಮಾತು ಅರ್ಥವಾಗಲು ಸಾಕಾಗುವಷ್ಟನ್ನು ಮಾತ್ರ ಬಿಟ್ಟು ಮಿಕ್ಕಿದ್ದನ್ನು ಕತ್ತರಿಸುತ್ತಿದ್ದೆವು. ಜೀವನವಿಡೀ ಕಿವಿಗೆ ಅದನ್ನೇ ಕೊಟ್ಟವಳಿಗೆ, ಮೇಲಿನದು ಹೋದದ್ದು ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ.

ಇನ್ನೊಂದು ನೆನಪೂ ಆಗ ಬಂತು. ಕೋರದ ಕಡೆ ನಮ್ಮ ದೊಡ್ಡಪ್ಪನ ಮಗನ ರಾಗಿ ಹೊಲವಿದೆ. ಸಂಜೆ ಅಲ್ಲಿ ಬದುವಿನ ಮೇಲೆ ಕೂತಾಗಲೆಲ್ಲ ನಾನು, "ಔಷಧಿ ಹೊಡೆದೂ ಹೊಡೆದೂ ಜೀರುಂಡೆನೆಲ್ಲ ಸಾಯಿಸಿದ್ರಿ ನೀವು, ಎಷ್ಟು ಕೂಗೋವು ಮುಂಚೆ," ಎಂದು ಅವನನ್ನು ಬೈಯುತ್ತಿದ್ದೆ. ಅವನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಈಗ ಅವನಿಗೆ ಫೋನ್ ಮಾಡಿ, "ನಿಮ್ಮ ಹೊಲದಲ್ಲಿ ಜೀರುಂಡೆ ಕೂಗ್ತವೇನೋ?" ಎಂದು ಕೇಳಿದೆ.

"ಯಾಕಕ್ಕ? ಅವುಗಳ ಕಾಟಕ್ಕೆ ಸಂಜೆಯಾದ್ರೆ ಕಿವಿ ಕೊಡಂಗಿಲ್ಲ," ಎಂದ.

"ಮತ್ತೆ ನಾನು ಬೈವಾಗ ಯಾಕೆ ಹೇಳಲಿಲ್ಲ?"

"ನೀನು ಓದ್ದೋಳು, ಬೇರೇನೋ ಹೇಳ್ತಿದ್ದೀಯ ಅನ್ಕೊಂಡೆ."

ಕಿವಿ ಡಾಕ್ಟರ ಬಳಿ ಹೋದೆ. ಅವರು ನನ್ನ ತಲೆಗೆ ಹೆಡ್‌ಫೋನ್ ಹಾಕಿ ಗಾಜಿನ ಕೋಣೆಯಲ್ಲಿ ಕೂರಿಸಿದರು. ಶಬ್ದ ಕೇಳಿದಾಗ ಗುಂಡಿ ಒತ್ತಬೇಕು. ಹೊರಗೆ ಕೂತಿದ್ದ ಹುಡುಗಿ ಏನನ್ನೋ ತಿರುಗಿಸುವುದು ಕಾಣುತ್ತಿತ್ತು. ಅವಳು ತಿರುಗಿಸುತ್ತಲೇ ಇದ್ದಳು, ನನ್ನ ಬೆರಳು ಸುಮ್ಮನೆ ಇತ್ತು. ಡಾಕ್ಟರು ಚಿಕ್ಕವರು, ತಾಳ್ಮೆಯವರು. "ಈ ವಯಸ್ಸಿಗೆ ಸಹಜ ಅಮ್ಮ. ಗದ್ದಲದಲ್ಲಿ ಕೆಲಸ ಮಾಡಿದ್ದೀರಾ?"

"ಮಾಡಿದ್ದೀನಿ. ಎಕ್ಸ್‌ಚೇಂಜಲ್ಲಿ."

"ಅದೂ ಸೇರಿರಬಹುದು. ಒಳಕಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಕೋಶಗಳಿರ್ತವೆ. ಮೇಲಿನ ಸ್ವರದವು ಮೊದಲು ಹೋಗ್ತವೆ. ಮಾತಿಗೆ ಈಗ ಅಷ್ಟು ತೊಂದರೆಯಿಲ್ಲ. ಗದ್ದಲದ ಜಾಗದಲ್ಲಿ ಸ್ವಲ್ಪ ಕಷ್ಟ ಆಗಬಹುದು. ಬೇಕಾದಾಗ ಮಿಷನ್ ಹಾಕೋಣ."

"ಹೋಗಿದ್ದನ್ನ ಹೊಸದು ಹಾಕಕ್ಕಾಗಲ್ವಾ?" ಎಂದು ಕೇಳಿದೆ. ಕೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಅವರು ಇಲ್ಲವೆಂದು ತಲೆಯಾಡಿಸಿದರು.

ಚಾಸಿ ಹೊತ್ತುಕೊಂಡು ಮತ್ತೆ ಗುಬ್ಬಿಗೆ ಹೋದ ದಿನ ಮಂಡಿಗೆ ರಜೆ. ಗಂಡ ಸಿ.ಎಸ್. ಪುರದ ಕಡೆ ತೋಟ ನೋಡಲು ಹೋಗಿದ್ದ. ಸೊಸೆ ಮತ್ತು ಅತ್ತೆ ಇಬ್ಬರೇ ಇದ್ದರು. ಎಲ್ಲವನ್ನೂ ಪೆಟ್ಟಿಗೆಯೊಳಗೆ ಕೂರಿಸಿ ಸ್ವಿಚ್ ಹಾಕುವ ಮುಂಚೆ ಹೇಳಿದೆ: "ನೋಡಮ್ಮ, ನೀವು ಹೇಳಿದ ಶಿಳ್ಳೆ ನನಗೆ ಅವತ್ತೂ ಕೇಳಿಸಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದೆ. ಮೇಲಿನ ಸ್ವರ ನನಗೆ ಕೇಳಲ್ಲ. ಯಂತ್ರದಲ್ಲಿ ನೋಡಿ ಸರಿ ಮಾಡಿದ್ದೀನಿ. ಸರಿ ಆಗಿದೆಯಾ ಇಲ್ವಾ ನೀವೇ ಹೇಳಬೇಕು."

ಈ ಮಾತನ್ನು ಬಸ್ಸಿನಲ್ಲಿ ಮನಸ್ಸಿನೊಳಗೇ ಹಲವು ಸಲ ಆಡಿಕೊಂಡಿದ್ದೆ. ಅವಳು ಅಯ್ಯೋ ಪಾಪ ಎನ್ನಬಹುದು ಎಂದು ಹೆದರಿದ್ದೆ. ಅವಳು ಹಾಗೇನೂ ಅನ್ನದೆ, ಸೆರಗು ಸಿಕ್ಕಿಸಿಕೊಂಡು ಪೆಟ್ಟಿಗೆಯ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿ ಕೂತಳು. ಹೊರಗೆ ಗಾಡಿಯೊಂದು ಹಾದುಹೋಗುವವರೆಗೂ ಕಾದಳು.

"ಇಲ್ಲ ಅಕ್ಕ. ಹೋಗಿದೆ. ಪೂರ್ತಿ ಹೋಗಿದೆ."

ಮದುವೆ ಮನೆಗಳಲ್ಲಿ ಹಾಕುತ್ತಿದ್ದ ನಾಗಸ್ವರದ ರೆಕಾರ್ಡೊಂದನ್ನು ಇಟ್ಟಳು. ನನಗೆ ಅದು ಹೊಚ್ಚ ಹೊಸದರಂತೆ ಶುಭ್ರವಾಗಿ ಕೇಳಿತು. "ಎಷ್ಟು ಚೆನ್ನಾಗಿ ಉಳಿದಿದೆ ರೆಕಾರ್ಡು," ಎಂದೆ.

"ಎಲ್ಲಿ ಅಕ್ಕ, ತುಂಬ ಚರಚರ ಅಂತಿದೆ. ಸಾಸಿವೆ ಸಿಡಿದಂಗೆ." ಹೇಳಿದ ಮೇಲೆ ನನ್ನ ಕಡೆ ತಿರುಗಿದಳು. ಅವಳಿಗೆ ಏನನ್ನಿಸಿತೋ, ರೆಕಾರ್ಡು ಮುಗಿಯುವವರೆಗೂ ಪಕ್ಕದಲ್ಲೇ ಕೂತು ಹೇಳುತ್ತ ಹೋದಳು. "ಇಲ್ಲಿ ತಾಳ ಹಾಕ್ತಾ ಇದಾರೆ, ಸಣ್ಣಗೆ, ಕಿಣ್ ಕಿಣ್ ಅಂತ. ಈಗ ನಿಂತೋಯ್ತು. ಈಗ ಊದೋರು ಉಸಿರು ಎಳ್ಕೊಂಡ್ರು, ಅದೂ ಕೇಳುತ್ತೆ." ಅಪ್ಪನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಣ್ಣಂಚು ಮಾತ್ರ ಒದ್ದೆಯಾಗಿತ್ತು. ನಾನು ತಾಳವನ್ನು ಅವಳ ಬೆರಳಿನ ಅಲುಗಾಟದಲ್ಲಿ ನೋಡಿದೆ. ಅತ್ತೆ ಗೋಡೆಗೊರಗಿದಲ್ಲೇ, "ಓಲಗ ಚೆನ್ನಾಗಿ ಊದ್ತಾವ್ರೆ," ಎಂದು ತಲೆದೂಗುತ್ತಿದ್ದರು. ಅವತ್ತು ಊಟ ಮಾಡಿಕೊಂಡೇ ಬಂದೆ.

ಆಮೇಲಿಂದ ಸೆಟ್ಟು ತಂದವರಿಗೆಲ್ಲ ನನ್ನ ಕಿವಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೆಲವರು ಪರವಾಗಿಲ್ಲ ಎಂದು ಬಿಟ್ಟು ಹೋಗುತ್ತಾರೆ. ಕೆಲವರು ಯೋಚನೆ ಮಾಡಿ ಹೇಳ್ತೀವಿ ಎಂದು ತಂದ ಹಾಗೆಯೇ ಒಯ್ಯುತ್ತಾರೆ. ಅವರ ಮೇಲೆ ಸಿಟ್ಟಿಲ್ಲ. ಸಂಗೀತ ಕೇಳಲೆಂದು ರಿಪೇರಿ ಮಾಡಿಸುವವರು ಕಿವಿ ಹೋದವಳ ಕೈಗೆ ಯಾಕೆ ಕೊಡುತ್ತಾರೆ? ಮೇಜು ಎಷ್ಟೋ ದಿನ ಖಾಲಿಯಾಗಿರುತ್ತದೆ.

ಗುಬ್ಬಿಯವಳು ಒಂದು ದಿನ ಕರೆದಳು. ಕುಣಿಗಲ್ಲಿನ ತವರುಮನೆಯನ್ನು ಕೆಡವುವ ಮುಂಚೆ ಅಟ್ಟದಲ್ಲಿ ಉಳಿದ ರೆಕಾರ್ಡುಗಳನ್ನು ತರಬೇಕು, ಯಾವುದು ಒಳ್ಳೆಯದು ಅಂತ ನೋಡಲು ನೀವೂ ಬನ್ನಿ ಎಂದಳು. ಹೋದೆವು. ಬಾಗಿಲು ಕಿಟಕಿಗಳನ್ನು ಆಗಲೇ ಬಿಚ್ಚಿಕೊಂಡು ಹೋಗಿದ್ದರು. ಅಟ್ಟದ ಬಿಸಿಗೆ ಮುಕ್ಕಾಲು ಪಾಲು ರೆಕಾರ್ಡುಗಳು ಹಪ್ಪಳದಂತೆ ಬಾಗಿದ್ದವು. ಬೆಳಕಿಗೆ ಹಿಡಿದು ಗೆರೆ ನೋಡಿ ಒಳ್ಳೆಯವನ್ನು ನಾನು ಆರಿಸಿದೆ. ಅದಕ್ಕೆ ಕಿವಿ ಬೇಕಿರಲಿಲ್ಲ. ಅವಳು ಖಾಲಿ ಕೋಣೆಗಳಲ್ಲಿ ಓಡಾಡಿ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಸಂಜೆ ತುಮಕೂರು ಬಸ್ ನಿಲ್ದಾಣದಲ್ಲಿ ಅವಳನ್ನು ಗುಬ್ಬಿಯ ಬಸ್ಸಿಗೆ ಹತ್ತಿಸಿದೆ. ಕಂಡಕ್ಟರುಗಳ ಕೂಗು, ಇಂಜಿನ್ನುಗಳ ಗುಡುಗು. ಬಸ್ಸು ಹೊರಟಾಗ ಅವಳು ಕಿಟಕಿಯಿಂದ ತಲೆ ಹೊರಹಾಕಿ ಏನನ್ನೋ ಕೇಳಿದಳು. ತುಟಿ ಆಡಿದ್ದು ಕಂಡಿತು, ಕೊನೆಯಲ್ಲಿ ಹುಬ್ಬು ಎತ್ತಿದ್ದರಿಂದ ಅದು ಪ್ರಶ್ನೆ ಎಂದು ತಿಳಿಯಿತು. ಮಾತು ಮಾತ್ರ ಸಿಗಲಿಲ್ಲ. ನಾನು ಹೂಂ ಎಂದು ತಲೆಯಾಡಿಸಿದೆ. ಅವಳಿಗೆ ಸಂತೋಷವಾದಂತಿತ್ತು, ಕೈ ಬೀಸಿದಳು.

ಏನಕ್ಕೆ ಒಪ್ಪಿಕೊಂಡೆನೋ ತಿಳಿಯದೆ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅಲ್ಲೇ ನಿಂತಿದ್ದೆ. ಆಮೇಲೆ ದಾರಿಯಲ್ಲಿ ಅರ್ಧ ಲೀಟರ್ ಹಾಲು ತೆಗೆದುಕೊಂಡು ಮನೆಯ ಕಡೆ ನಡೆದೆ.